ಬಟನ್ ಒತ್ತಿ ಮುಗಿಸುವ ಯುದ್ಧವಲ್ಲಮ್ಮ

ಪ್ರಶ್ನೆ: ನನ್ನ ಮಗಳ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ಈಗ ಅಲ್ಲಿನ ಸೇನೆ ಸೇರಿದ್ದಾನೆ. ನನಗೆ ರಾತ್ರಿ ಕಣ್ಣು ಮುಚ್ಚಲಾಗುತ್ತಿಲ್ಲ. ನೆಂಟರು ಮಾತ್ರ ‘ಅವರದೆಲ್ಲ ಎಸಿ ರೂಮಲ್ಲಿ ಕೂತು ಬಟನ್ ಒತ್ತೋ ಯುದ್ಧ, ನಿಮಗ್ಯಾಕೆ ಚಿಂತೆ’ ಅಂತಾರೆ. ನಿಜವೇ? ಫೋನಿನಲ್ಲಿ ಅವನನ್ನು ಏನಂತ ಕೇಳಲಿ?
– ಒಬ್ಬ ಅಜ್ಜಿ, ಪಾಂಡವಪುರ

ಉತ್ತರ (ನಿವೃತ್ತ ನರ್ಸಿಂಗ್ ಸುಬೇದಾರ್, ಮೈಸೂರು): ಅಮ್ಮಾ, ನೆಂಟರ ಮಾತು ನಾನು ಒಪ್ಪುವುದಿಲ್ಲ. ಬಟನ್ ಒತ್ತುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಗಾಯಕ್ಕೆ ಕಟ್ಟು ಕಟ್ಟುತ್ತಲೇ ಸೇವೆ ಮುಗಿಸಿದ ನನಗೆ ಕಾಣುವುದು ನೆಲದ ಮೇಲೆ ನಡೆಯುವ ಹುಡುಗರು.

ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಅವರು ಟೂರ್ನಿಕೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಎರಡು ಬೆರಳಗಲದ ಪಟ್ಟಿ, ಅದಕ್ಕೊಂದು ಪುಟ್ಟ ಕಡ್ಡಿ. ದಾರಿಯಲ್ಲಿ ಹೂತಿಟ್ಟ ಬಾಂಬ್ ಸಿಡಿದು ಕಾಲು ಹೋದರೆ ಪಟ್ಟಿಯನ್ನು ತೊಡೆಗೆ ಬಿಗಿದು, ರಕ್ತ ನಿಲ್ಲುವ ತನಕ ಕಡ್ಡಿ ತಿರುಗಿಸಬೇಕು. ಆ ಬಿಗಿತದ ನೋವಿಗೆ ಎಂಥ ಗಟ್ಟಿಗನೂ ಕಿರುಚುತ್ತಾನೆ. ಕಿರುಚಿದರೂ ಸಡಿಲಿಸುವಂತಿಲ್ಲ. ಕಟ್ಟಿದ ಹೊತ್ತನ್ನು ಅದರ ಮೇಲೆ ಬರೆಯಬೇಕು. ಪಕ್ಕದಲ್ಲಿ ಯಾರೂ ಇಲ್ಲವೆಂದರೆ ತನಗೆ ತಾನೇ ಒಂದೇ ಕೈಯಲ್ಲಿ ಕಟ್ಟಿಕೊಳ್ಳಬೇಕು. ಅದನ್ನೂ ಅಭ್ಯಾಸ ಮಾಡಿಸುತ್ತಾರೆ. 2009ರಲ್ಲಿ, ಅಫ್ಘಾನಿಸ್ತಾನದ ಗಾಯಾಳುಗಳನ್ನು ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಲೇಬೇಕೆಂದು ಆದೇಶವಾಯಿತು. ಹಿಂದಿನ ಕಾಲದಲ್ಲಾದರೆ ದಾರಿಯಲ್ಲೇ ಪ್ರಾಣ ಬಿಡುತ್ತಿದ್ದ ಎಷ್ಟೋ ಜನ ಉಳಿದುಕೊಂಡರು. ಎರಡೂ ಯುದ್ಧ ಸೇರಿ 1,500ಕ್ಕೂ ಹೆಚ್ಚು ಮಂದಿ ಕೈಯನ್ನೋ ಕಾಲನ್ನೋ ಕಳೆದುಕೊಂಡು ಮನೆಗೆ ಹೋದರು. ಅಫ್ಘಾನಿಸ್ತಾನವೊಂದರಲ್ಲೇ ಸತ್ತ ಅಮೆರಿಕದ ಸೈನಿಕರು ಸುಮಾರು 2,400.

ನಮ್ಮ ನೆಲದಲ್ಲೂ ಅವರ ಹುಡುಗರು ಸತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂನಿಂದ ಹಿಮಾಲಯ ದಾಟಿ ಚೀನಾಕ್ಕೆ ವಿಮಾನದಲ್ಲಿ ಸಾಮಾನು ಸಾಗಿಸುತ್ತಿದ್ದರು. ನಮ್ಮ ಮೈಸೂರು ಸಂಸ್ಥಾನದ ಹಣವೂ ಸೇರಿ 1940ರಲ್ಲಿ ಶುರುವಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೇ ಅಮೆರಿಕದ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಹಿಮಾಲಯದ ಆ ದಾರಿ ಸುಮಾರು 600 ವಿಮಾನಗಳನ್ನು ನುಂಗಿತು. ಅರುಣಾಚಲದ ಕಾಡಿನಲ್ಲಿ ಸಿಕ್ಕ ಅಸ್ಥಿಯನ್ನು ದೆಹಲಿಯಿಂದ ಗೌರವದೊಂದಿಗೆ ಅವರ ದೇಶಕ್ಕೆ ಕಳಿಸಿದ್ದು 2016ರಲ್ಲಿ. ಅಷ್ಟು ವರ್ಷ ಆ ಮನೆಗಳಲ್ಲಿ ತಿಥಿ ಮಾಡುವುದಕ್ಕೂ ದೇಹವಿರಲಿಲ್ಲ ಎಂದು ನೆನೆದರೆ ಕರುಳು ಚುರ್ರೆನ್ನುತ್ತದೆ. 1944ರಲ್ಲಿ ಬರ್ಮಾದ ಮಿಟ್ಕಿನಾ ಕಡೆಗೆ ಬೆಟ್ಟ ಹತ್ತಿಳಿದು ನಡೆದ ಅಮೆರಿಕದ ಸುಮಾರು 3,000 ಜನರ ಪಡೆಯನ್ನು ಗುಂಡಿಗಿಂತ ಹೆಚ್ಚಾಗಿ ಕೆಡವಿದ್ದು ಆಮಶಂಕೆ, ಮಲೇರಿಯಾ, ಸ್ಕ್ರಬ್ ಟೈಫಸ್. ಪೊದೆಯ ನುಸಿ ಕಚ್ಚಿದ ಜಾಗದಲ್ಲಿ ಬೀಡಿ ಸುಟ್ಟಂತೆ ಕಪ್ಪು ಹಕ್ಕಳೆ, ಆಮೇಲೆ ಮೈ ಕೆಂಡವಾಗುವ ಜ್ವರ. ಇವತ್ತು ಅದಕ್ಕೆ ಮಾತ್ರೆಯಿದೆ, ಆಗ ಇರಲಿಲ್ಲ.

ಇನ್ನು ಫೋನಿನ ವಿಷಯ. ‘ಎಲ್ಲಿದ್ದೀಯ, ಯಾವಾಗ ಹೊರಡ್ತೀಯ’ ಎಂದು ಒತ್ತಾಯಿಸಬೇಡಿ, ಎಷ್ಟೋ ಸಲ ಅದನ್ನು ಅವನು ಹೇಳುವ ಹಾಗಿರುವುದಿಲ್ಲ. ‘ಯಾರನ್ನಾದರೂ ಕೊಂದೆಯಾ’ ಎಂಬ ಮಾತು ಮನೆಯ ಯಾರ ಬಾಯಲ್ಲೂ ಬರಕೂಡದು. ಏನು ಊಟ ಮಾಡಿದೆ, ಬೂಟು ಕಚ್ಚಿ ಬೊಬ್ಬೆ ಬಂದಿದೆಯಾ, ಜೊತೆಗಿರುವ ಹುಡುಗರು ಯಾವ ಊರಿನವರು, ಇದನ್ನೆಲ್ಲ ಕೇಳಿ. ಯುದ್ಧಕ್ಕೆ ಹೋಗಿ ಬಂದ ಮೇಲೆ ಪಟಾಕಿ ಸದ್ದಿಗೆ ಬೆಚ್ಚಿದರೆ, ರಾತ್ರಿಯೆಲ್ಲ ಎದ್ದು ಓಡಾಡಿದರೆ ‘ಗಂಡುಮಗ ನೀನು, ಧೈರ್ಯ ತಗೋ’ ಎನ್ನಬೇಡಿ. ಅಲ್ಲಿ 988ಕ್ಕೆ ಕರೆ ಮಾಡಿ 1 ಒತ್ತಿದರೆ ಸೈನಿಕರನ್ನೂ ಮಾಜಿ ಸೈನಿಕರನ್ನೂ ಮಾತನಾಡಿಸುವವರು ಹಗಲು ರಾತ್ರಿ ಇರುತ್ತಾರೆ. ಆ ನಂಬರನ್ನು ಈಗಲೇ ಮಗಳಿಗೆ ಬರೆಸಿಬಿಡಿ.