ಕಿವಿ ಕೇಳದ ಮಗುವಿನ ಮೆದುಳು ಬೀಳು ಹೊಲವಲ್ಲ

ಸೇಡಂನಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಮಗಳಿಗೆ ಎರಡು ವರ್ಷ. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಕಲಬುರಗಿಯಲ್ಲಿ ತೋರಿಸಿದಾಗ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸದ್ದನ್ನು ಕೇಳುವ ನರಕ್ಕೆ ಮುಟ್ಟಿಸುವ ಸಾಧನವನ್ನು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ವಿಷಯ ಹೇಳಿದ್ದಾರಂತೆ. "ಕೇಳುವುದಕ್ಕೆಂದು ಮೆದುಳಿನಲ್ಲಿ ಇರುವ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದಾ? ಕೈಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಅಂತ ಮನೆಯಲ್ಲಿ ಬೇಡ ಅನ್ನುತ್ತಾರೆ, ಏನು ಮಾಡಲಿ?" ಎಂದು ಕೇಳಿದ್ದಾರೆ. ಕೊನೆಗೆ ಒಂದು ಸಾಲು: ಅಜ್ಜಿ ರೊಟ್ಟಿ ಬಡಿಯುವಾಗ ಮಗು ಪಕ್ಕದಲ್ಲಿ ಕೂತು, ನೆಲಕ್ಕೆ ಅಂಗೈ ಹಚ್ಚಿ ನಗುತ್ತಾಳೆ.

ತಂಗೀ, ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ರೊಟ್ಟಿ ಬಡಿಯುವುದು ನಮಗೆ ಸದ್ದು. ಅವಳಿಗೆ ಅದು ಶಹಾಬಾದ್ ಕಲ್ಲಿನ ಮೂಲಕ ಅಂಗೈಗೆ ಬರುವ ನಡುಕ. 2012ರಲ್ಲಿ ಅಮೆರಿಕದ ವಿಜ್ಞಾನಿ ಕ್ರಿಸ್ಟಿನಾ ಕಾರ್ನ್ಸ್ ಮತ್ತು ಸಂಗಡಿಗರು ಹುಟ್ಟಿನಿಂದ ಕಿವಿ ಕೇಳದವರ ಮುಖಕ್ಕೆ ಮೆಲ್ಲಗೆ ಗಾಳಿ ಊದಿ, ಕಣ್ಣಿಗೆ ಬೆಳಕು ಮಿಂಚಿಸಿ, ಮೆದುಳಿನ ಸ್ಕ್ಯಾನ್ ತೆಗೆದು ನೋಡಿದರು. ಕೇಳುವವರಲ್ಲಿ ಸದ್ದು ಮೊದಲು ಬಂದು ಮುಟ್ಟುವ ಜಾಗ ಇದೆಯಲ್ಲ, ಅದೇ ಜಾಗ ಇವರಲ್ಲಿ ಸ್ಪರ್ಶಕ್ಕೆ ಎಚ್ಚೆತ್ತಿತ್ತು. ಬೆಳಕಿಗೂ ಎಚ್ಚೆತ್ತಿತ್ತು, ಆದರೆ ಸ್ಪರ್ಶಕ್ಕೇ ಜಾಸ್ತಿ.

ನಮ್ಮ ಕಡೆ ಹೊಲ ಬೀಳು ಬಿಟ್ಟರೆ ಪಕ್ಕದ ಹೊಲದವರು ಬದು ಒತ್ತಿಕೊಂಡು ಉಳುತ್ತಾರೆ, ಅಲ್ವಾ? ಮೆದುಳಿನಲ್ಲೂ ಹಾಗೇ. ಕಿವಿಯಿಂದ ಏನೂ ಬಾರದಿದ್ದರೆ ಕಣ್ಣು, ಚರ್ಮ ಆ ಜಾಗದಲ್ಲಿ ಬಿತ್ತುತ್ತವೆ.

ಹಿಂದೆ ನಾನು ಹೋಗುತ್ತಿದ್ದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಒಬ್ಬ ಅಣ್ಣ ಇದ್ದರು. ಕಿವಿ ಕೇಳುತ್ತಿರಲಿಲ್ಲ. ಟ್ರೆಡಲ್ ಅಚ್ಚಿನ ಮೆಷಿನ್ನಿನ ಸದ್ದಿನಲ್ಲಿ ನಮಗ್ಯಾರಿಗೂ ಬಾಗಿಲ ಕಡೆ ಗಮನವೇ ಇರುತ್ತಿರಲಿಲ್ಲ. ಅವರು ಮೊಳೆಯ ಮೇಲಿಂದ ಕಣ್ಣು ಎತ್ತದೆ, ಎಡಗೈಯ ಕಿರುಬೆರಳು ಮಾತ್ರ ಬಾಗಿಲ ಕಡೆ ತಿರುಗಿಸುತ್ತಿದ್ದರು, ಯಾರೋ ಬಂದರು ಅಂತ. ದೇವರು ಒಂದು ಕಿತ್ತುಕೊಂಡು ಇನ್ನೊಂದು ಕೊಟ್ಟ, ಹದ್ದಿನ ಕಣ್ಣು ಕೊಟ್ಟ ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಆದರೆ ಕಣ್ಣೇನೂ ಚುರುಕಾಗಿರುವುದಿಲ್ಲ. ಕಣ್ಣಿನ ಡಾಕ್ಟರು ಚಾರ್ಟ್ ಓದಿಸಿದರೆ ಅವರಿಗೂ ನಮಗೂ ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಾಗಿರುವುದು ಅಂಚಿನ ಕಡೆಗಿನ ಗಮನ. ವಿಜ್ಞಾನಿ ಹೆಲೆನ್ ನೆವಿಲ್ 1980ರ ದಶಕದಲ್ಲಿ ತಲೆಗೆ ತಂತಿ ಹಚ್ಚಿ, ಮೆದುಳಿನ ವಿದ್ಯುತ್ ಮಿಡಿತ ಅಳೆದು ತೋರಿಸಿದ್ದೂ ಇದನ್ನೇ. ಕಣ್ಣಂಚಿನಲ್ಲಿ ಏನಾದರೂ ಕಾಣಿಸಿಕೊಂಡಾಗ ಹುಟ್ಟು ಕಿವುಡರ ಮೆದುಳು ಕೇಳುವವರಿಗಿಂತ ಜೋರಾಗಿ ಸ್ಪಂದಿಸುತ್ತದೆ.

ಕೆನಡಾದಲ್ಲಿ ವಿಜ್ಞಾನಿ ಸ್ಟೀಫನ್ ಲಾಂಬರ್ ಅವರ ತಂಡ 2010ರಲ್ಲಿ ಇನ್ನೂ ಒಳಗೆ ಹೋಯಿತು. ಹುಟ್ಟಿನಿಂದ ಕಿವಿ ಕೇಳದ ಬೆಕ್ಕುಗಳಿಗೂ ಈ ಅಂಚಿನ ನೋಟ ಚೆನ್ನಾಗಿತ್ತು. ಅವುಗಳ ಕೇಳುವ ಭಾಗದಲ್ಲಿ ಒಂದು ಸಣ್ಣ ಜಾಗವನ್ನು ಸ್ವಲ್ಪ ಹೊತ್ತು ತಣ್ಣಗೆ ಮಾಡಿ ಕೆಲಸ ನಿಲ್ಲಿಸಿದರೆ, ಆ ಹೆಚ್ಚುಗಾರಿಕೆ ಹೋಗಿ ಮಾಮೂಲಿ ಬೆಕ್ಕಿನಷ್ಟೇ ಆಯಿತು. ಕೇಳುವ ಬೆಕ್ಕಿನಲ್ಲಿ ಅದೇ ಜಾಗದ ಕೆಲಸ ಏನು ಗೊತ್ತಾ? ಸದ್ದು ಎಲ್ಲಿಂದ ಬಂತು ಅಂತ ಹುಡುಕುವುದು. "ಎಲ್ಲಿ?" ಅನ್ನುವ ಕೆಲಸ ಹಾಗೇ ಉಳಿದಿದೆ, ಕಿವಿಯ ಬದಲು ಕಣ್ಣಿನಿಂದ ಸುದ್ದಿ ಬರುತ್ತಿದೆ ಅಷ್ಟೇ. ಇದನ್ನು ಮೊದಲ ಸಲ ಓದಿದಾಗ ನನಗೆ ಆ ಅಣ್ಣನ ಕಿರುಬೆರಳು ನೆನಪಾಗಿತ್ತು.

ಈಗ ಸನ್ನೆಯ ವಿಷಯ. ಇದರಲ್ಲಿ ಮನೆಯವರ ಮಾತು ಕೇಳಬೇಡಿ ಎಂದು ನೇರವಾಗಿ ಹೇಳುತ್ತೇನೆ. ಸನ್ನೆ ಕಲಿತರೆ ಕೇಳುವ ಜಾಗ ಕಣ್ಣಿನ ಪಾಲಾಗುತ್ತದೆ ಎಂಬ ಭಯ ಹಲವರಿಗಿದೆ. ಲಾಂಬರ್ ಅವರ ಬೆಕ್ಕುಗಳಿಗೆ ಯಾರು ಸನ್ನೆ ಕಲಿಸಿದ್ದರು? ಯಾರೂ ಇಲ್ಲ. ಬದು ಒತ್ತುವುದು ಶುರುವಾಗಿದ್ದು ಸದ್ದು ಬಾರದ್ದರಿಂದ. ಸನ್ನೆ ಭಾಷೆ ಅಂದರೆ ಸುಮ್ನೆ ಕೈ ಆಡಿಸುವುದೂ ಅಲ್ಲ. ಅದಕ್ಕೂ ವ್ಯಾಕರಣ ಇದೆ. ಸನ್ನೆ ಭಾಷೆಯ ಸಂಶೋಧಕಿ ಅರ್ಸುಲಾ ಬೆಲುಗಿ ಮತ್ತು ಜೊತೆಗಾರರು ಲಕ್ವಾ ಹೊಡೆದ ಕಿವುಡರನ್ನು ಪರೀಕ್ಷಿಸಿದ್ದರು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಸನ್ನೆಯ ವಾಕ್ಯಗಳು ಮುರಿದುಹೋಗಿದ್ದವು, ನಮ್ಮಲ್ಲಿ ಮಾತು ಮುರಿಯುವ ಹಾಗೇ. ಇನ್ನೊಬ್ಬ ಸಂಶೋಧಕಿ ಲಾರಾ ಆ್ಯನ್ ಪೆಟಿಟೊ 1991ರಲ್ಲಿ ತೋರಿಸಿದ್ದಂತೂ ನನಗೆ ತುಂಬಾ ಇಷ್ಟ. ಸನ್ನೆ ಮಾಡುವ ಕಿವುಡ ಅಪ್ಪ ಅಮ್ಮನ ಕಿವುಡ ಕೂಸುಗಳು, ನಮ್ಮ ಕೂಸುಗಳು "ಬಾಬಾ, ದಾದಾ" ಅನ್ನುವ ವಯಸ್ಸಿನಲ್ಲೇ ಕೈಯಿಂದ ತೊದಲುತ್ತವೆ.

ಮೆದುಳಿಗೆ ಭಾಷೆ ಬೇಕು, ಕಿವಿಯಿಂದ ಬಂದರೂ ಸರಿ, ಕೈಯಿಂದ ಬಂದರೂ ಸರಿ. ಎರಡೂ ಇಲ್ಲದೆ "ಆಮೇಲೆ ನೋಡೋಣ" ಅಂತ ವರ್ಷ ಕಳೆದುಬಿಡುವುದನ್ನು ಕಂಡರೆ ನನಗೆ ಸಂಕಟ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗನನ್ನು ನೋಡಿದ್ದೇನೆ. ಶಾಲೆಯಲ್ಲಿ ಕೈ ಕಟ್ಟಿ ಕೂರಿಸಿ ತುಟಿ ನೋಡು ಅಂದರು. ಹತ್ತು ವರ್ಷವಾದರೂ ಅವನಿಗೆ ನಿನ್ನೆ ಏನಾಯಿತು ಅಂತ ಹೇಳುವುದಕ್ಕೆ ಯಾವ ಭಾಷೆಯೂ ಇರಲಿಲ್ಲ.

ಇಂಪ್ಲಾಂಟ್ ಮಾಡಿಸುವ ಮನಸ್ಸಿದ್ದರೆ ತಡ ಮಾಡಬೇಡಿ. ವಿಜ್ಞಾನಿ ಅನು ಶರ್ಮಾ ಅವರ ಅಧ್ಯಯನಗಳಲ್ಲಿ ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳ ಮೆದುಳು ಸದ್ದಿಗೆ ಹೆಚ್ಚುಕಡಿಮೆ ಉಳಿದ ಮಕ್ಕಳಂತೆಯೇ ಸ್ಪಂದಿಸಿತು. ಏಳು ದಾಟಿದ ಮೇಲೆ ಆದವರಲ್ಲಿ ಬಹುಪಾಲು ಹಾಗಾಗಲಿಲ್ಲ. ನಿಮ್ಮ ಮಗುವಿಗೆ ಇನ್ನೂ ಎರಡು. ಆಪರೇಷನ್ ಆದ ಮೇಲೂ ವರ್ಷಗಟ್ಟಲೆ ಕೇಳುವ, ಮಾತಾಡುವ ತರಬೇತಿ ಬೇಕು, ಅದು ಹೇಗೆ, ಎಲ್ಲಿ, ಖರ್ಚೆಷ್ಟು ಎಂದು ಡಾಕ್ಟರ ಹತ್ತಿರ ಮೊದಲೇ ಬಿಡಿಸಿ ಕೇಳಿ. ಸರಕಾರದ ನೆರವು ಸಿಗುತ್ತದಾ ಅಂತ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ.

ಸನ್ನೆಗೆ ಮಾತ್ರ ಅದೆಲ್ಲ ಮುಗಿಯುವ ತನಕ ಕಾಯಬೇಕಿಲ್ಲ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ. ವಿಡಿಯೊಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನೀರು, ಹಾಲು, ಅಮ್ಮ, ಬಾ, ಸಾಕು, ಇಷ್ಟು ಈ ವಾರ ಸಾಕು. ಕೇರಿಯಲ್ಲಿ ಸನ್ನೆ ಬಲ್ಲ ಕಿವುಡರು ಯಾರಾದರೂ ಇದ್ದರೆ ಮಗುವನ್ನು ಅವರ ಮನೆಗೆ ಕರೆದುಕೊಂಡು ಹೋಗಿ, ವಿಡಿಯೊಗಿಂತ ಅದು ಹೆಚ್ಚು. ಅಜ್ಜಿಗೆ "ರೊಟ್ಟಿ" ಅನ್ನುವ ಸನ್ನೆ ಕಲಿಸಿಬಿಡಿ. ನಾಳೆ ಮಗು ನೆಲಕ್ಕೆ ಅಂಗೈ ಹಚ್ಚಿ ಅವರ ಮುಖ ನೋಡಿದಾಗ, ಹಿಟ್ಟಿನ ಕೈಯಲ್ಲೇ ಮಾಡಿ ತೋರಿಸಲಿ.