ಬೇಲಿ ಹಾಕಿದರೆ ಹಕ್ಕಿ ಬರುತ್ತದೆಯೇ?

ಪತ್ರ: ಅಂಕಸಮುದ್ರ, ಮಾಗಡಿ ಕೆರೆಗಳಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಪಟ್ಟ ಸಿಕ್ಕಿದೆ, ಸಂತೋಷ. ಆದರೆ ಇಂಥ ಕೆರೆಗಳಲ್ಲಿ ದನ, ಮೀನುಬಲೆ, ರೈತರ ಓಡಾಟ ಇನ್ನೂ ಏಕೆ? ಸುತ್ತ ಬೇಲಿ ಹಾಕಿ ಜನರನ್ನು ಹೊರಗಿಡಬೇಕು. ನಾಲ್ಕು ಬೇಡಿಕೆಗಳ ಮನವಿ ಲಗತ್ತಿಸಿದ್ದೇನೆ, ನೀವೂ ಸಹಿ ಹಾಕಿ. – ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ಎಂಟು ಪುಟದ ಪತ್ರ, ಒಂದೇ ಒಂದು ಕಾಟು ಇಲ್ಲ. ಇಂಥ ಅಕ್ಷರ ನೋಡಿ ವರ್ಷಗಳಾದವು. ಬೇಟೆಗಾರರ ವಿಷಯ, ಗೂಡಿನ ತಲೆಮೇಲೆ ಡ್ರೋನ್ ಹಾರಿಸುವವರ ವಿಷಯ ನೀವು ಬರೆದದ್ದೆಲ್ಲ ಸರಿ. ಅವರಿಗೆ ಬೇಲಿಯೇನು, ಜೈಲೂ ಆಗಬಹುದು.

ಆದರೆ ದನ ಕಾಯುವವನನ್ನೂ ಅವರ ಸಾಲಿಗೇ ನಿಲ್ಲಿಸಿದ್ದೀರಲ್ಲ! ಅಂಕಸಮುದ್ರ ದೇವರು ತೋಡಿದ ಸರೋವರವಲ್ಲ, ಬೇಸಾಯಕ್ಕೆಂದು ಜನ ಕಟ್ಟಿದ ಊರ ಕೆರೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯೂ ಅಷ್ಟೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಹಗಲೆಲ್ಲ ಅಲ್ಲಿ ನೀರಲ್ಲಿದ್ದು, ಮೇಯಲು ಹೋಗುವುದು ಸುತ್ತಲ ರೈತರ ಹೊಲಕ್ಕೆ. ಬೇಲಿಯನ್ನು ಎಲ್ಲಿಂದ ಎಲ್ಲಿಗೆ ಹಾಕುತ್ತೀರಿ? ರಂಗನತಿಟ್ಟಿನ ನಡುಗಡ್ಡೆಗಳೂ ಅರಸರು ಕಾವೇರಿಗೆ ಕಟ್ಟೆ ಕಟ್ಟಿಸಿದ್ದರಿಂದ ಆದವು. ಹಕ್ಕಿಧಾಮ ಎಂಬ ಬೋರ್ಡು ಬಿದ್ದದ್ದು 1940ರಲ್ಲಿ.

ಬೇಲಿಯ ಕಥೆ ಬೇಕಿದ್ದರೆ ರಾಜಸ್ಥಾನದ ಭರತಪುರದ ಕೇವಲಾದೇವ ಹಕ್ಕಿಧಾಮಕ್ಕೆ ಹೋಗಿ. ಒಡಿಶಾದ ಚಿಲಿಕಾ ಸರೋವರದ ಜೊತೆ 1981ರಲ್ಲಿ ದೇಶದ ಮೊದಲ ರಾಮ್ಸಾರ್ ತಾಣವಾದದ್ದು ಅದು. ಮರುವರ್ಷ ಎಮ್ಮೆ ಮೇಯುವುದನ್ನು ನಿಷೇಧಿಸಿದರು. ಗಲಾಟೆಯಾಯಿತು, ಪೊಲೀಸರ ಗುಂಡಿಗೆ ಹಳ್ಳಿಗರು ಸತ್ತರು. ನಿಷೇಧ ಬೇಕೆಂದವರಲ್ಲಿ ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿಯೂ ಇದ್ದರು. ಆಮೇಲೆ ಆದದ್ದೇನು? ಎಮ್ಮೆ ತಿನ್ನುತ್ತಿದ್ದ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗೆ ಈಜಲು, ಮೀನು ಹಿಡಿಯಲು ಜಾಗವಿಲ್ಲದಾಯಿತು. ಅದನ್ನು ವರ್ಷಗಟ್ಟಲೆ ಅಳೆದು ಬರೆದದ್ದು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ. ತಮ್ಮವರ ಮಾತೇ ತಪ್ಪೆಂದು ಬರೆಯುವ ಸಂಸ್ಥೆ ನಮ್ಮಲ್ಲಿ ಎಷ್ಟಿವೆ, ಅದಿರಲಿ.

ನೀವು ಕೊಕ್ಕರೆಬೆಳ್ಳೂರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಬೇಸರ ತಂದಿತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಹಿತ್ತಲ ಹುಣಸೆಮರದಲ್ಲಿ. ಅಂಗಳದಲ್ಲಿ ಹಿಕ್ಕೆ, ಮೀನಿನ ನಾತ. ಆದರೂ ಬಾಣಂತನಕ್ಕೆ ತವರಿಗೆ ಬಂದ ಮಗಳು ಎನ್ನುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸುವ ಎಷ್ಟೋ ಮೊದಲೇ ಸಮುದಾಯ ಕಾದಿತ್ತು.

1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್‌ನಲ್ಲಿ ಸಹಿಯಾದ ಒಪ್ಪಂದವನ್ನೇ ಓದಿ. 'ವಿವೇಕದ ಬಳಕೆ' ಎಂದಿದೆ ಅಲ್ಲಿ. ಬಳಕೆ, ಮೇಷ್ಟ್ರೇ!

ನನಗೆ ಕೋಪವಿರುವುದು ಬೇರೆ ಕಡೆ. ನಾನು ಮುಂಜಾನೆ ಸುತ್ತು ಹಾಕುವ ಕೆರೆಯೊಂದನ್ನು 'ಅಭಿವೃದ್ಧಿ' ಮಾಡಿದರು. ಹೂಳೆತ್ತುವ ನೆಪದಲ್ಲಿ ಅಂಚನ್ನೆಲ್ಲ ಕೆರೆದು ಬಾಣಲೆ ಮಾಡಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ರಾತ್ರಿಯಿಡೀ ದೀಪ ಉರಿಸಿದರು. ಮೊಣಕಾಲುದ್ದ ನೀರಿನ ಕೆಸರಂಚು ಹೋಯಿತು, ಅಲ್ಲಿ ನಿಂತು ಹುಳ ಹೆಕ್ಕುತ್ತಿದ್ದ ಉಲ್ಲಂಕಿಗಳೂ ಹೋದವು. ಈಗ ಗೇಟಿನ ಬಳಿ ಸಿಮೆಂಟಿನ ಎರಡು ಕೊಕ್ಕರೆ ನಿಂತಿವೆ, ಗುಲಾಬಿ ಬಣ್ಣ ಬಳಿದುಕೊಂಡು. ಇದನ್ನೆಲ್ಲ ಮಾಡಿದವನು ದನ ಕಾಯುವವನಲ್ಲ. ಇನ್ನು 2017ರ ಜೌಗುಪ್ರದೇಶ ನಿಯಮಗಳಂತೂ ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ರಾಮ್ಸಾರ್ ಪಟ್ಟ ಸಿಕ್ಕ ಕೆರೆ ಬಚಾವು, ಪಕ್ಕದೂರಿನದು ದಿಕ್ಕಿಲ್ಲದ್ದು. ಹಕ್ಕಿಗೆ ಎರಡೂ ಬೇಕು. ನಿಮ್ಮ ಎಂಟು ಪುಟದಲ್ಲಿ ಇದರ ಸುದ್ದಿಯೇ ಇಲ್ಲ.

ಸಹಿ ಕೇಳಿದ್ದೀರಿ. ಮೊದಲ ಮೂರು ಬೇಡಿಕೆಗೆ ನನ್ನ ತಕರಾರಿಲ್ಲ. ನಾಲ್ಕನೆಯದನ್ನು, ಆ ದನ, ಬಲೆ, ಬೇಲಿಯದನ್ನು, ಹೊಡೆದುಹಾಕಿ ಕಳಿಸಿ. ಕಾಟು ಬಿದ್ದರೂ ಪರವಾಗಿಲ್ಲ.