ಗ್ರಾಸ್ಮಿಯರ್ ಸುತ್ತಮುತ್ತ ನೋಡಲೇಬೇಕಾದ ಸ್ಥಳಗಳು ಯಾವುವು?

ಅರವತ್ತು ದಾಟಿದ ತಾಯಿಯವರೊಂದಿಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿಗೆ ಹೊರಟಿದ್ದೀರಿ, ಗ್ರಾಸ್ಮಿಯರ್‌ನಲ್ಲಿ ಎರಡು ದಿನ ತಂಗಿದರೆ ಏನೇನು ನೋಡಬಹುದು ಎಂದು ಕೇಳಿದ್ದೀರಿ. ನಾನೂ ನನ್ನ ತಾಯಿಯನ್ನು ಕರೆದುಕೊಂಡು ಅಲ್ಲಿ ಮೂರು ದಿನ ಇದ್ದು ಬಂದವನು. ಬಾಡಿಗೆ ಕಾರಿನಲ್ಲಿ ಊರಿಂದೂರಿಗೆ ಓಡುವ ಬದಲು, ಮೊದಲ ದಿನವನ್ನು ಪೂರ್ತಿಯಾಗಿ ಗ್ರಾಸ್ಮಿಯರ್ ಮತ್ತು ರೈಡಲ್ ಸರೋವರಗಳನ್ನು ಬಳಸಿ ಬರುವ ಕಾಲುದಾರಿಗೆ ಮೀಸಲಿಡಿ ಎಂಬುದೇ ನನ್ನ ಸಲಹೆ. ಒಂದು ಸುತ್ತಿಗೆ ಸುಮಾರು 10 ಕಿಲೋಮೀಟರ್ ಆಗುತ್ತದೆ. ಊರಿನ ಮುಖ್ಯ ಆಕರ್ಷಣೆಗಳು ಬಹುಪಾಲು ಅದೇ ದಾರಿಯಲ್ಲಿ ಸಿಗುತ್ತವೆ.

ಸೇಂಟ್ ಓಸ್ವಾಲ್ಡ್ ಚರ್ಚಿನಿಂದ ಹೊರಡಿ. ಕವಿ ವಿಲಿಯಂ ವರ್ಡ್ಸ್‌ವರ್ತ್ ಅವರೇ ನೆಡಿಸಿದ ಯೂ ಮರಗಳಿರುವ ಅದರ ಅಂಗಳದಲ್ಲಿ ಅವರ, ಪತ್ನಿ ಮೇರಿಯವರ ಮತ್ತು ತಂಗಿ ಡೊರೊತಿಯವರ ಸಮಾಧಿಗಳಿವೆ. ಕವಿದಂಪತಿಯ ಕಲ್ಲಿನ ಮೇಲೆ ಹೆಸರುಗಳು ಮತ್ತು 1850, 1859 ಎಂಬ ವರ್ಷಗಳ ಹೊರತು ಹೊಗಳಿಕೆಯ ಒಂದು ಪದವೂ ಇಲ್ಲ. 1812ರಲ್ಲಿ ಈ ಕುಟುಂಬ ಚರ್ಚಿನ ಎದುರಿನ ಪಾದ್ರಿಮನೆಯಲ್ಲಿ ವಾಸವಾಗಿದ್ದಾಗ ಇಬ್ಬರು ಮಕ್ಕಳು ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಮಕ್ಕಳ ಸಮಾಧಿಯ ಎದುರಿಗೇ ಬದುಕುವುದು ತಾಳಲಾರದಾಗಿ, ಮರುವರ್ಷ ಅವರು ರೈಡಲ್‌ಗೆ ಮನೆ ಬದಲಿಸಿದರು. ಇದನ್ನು ತಿಳಿದುಕೊಂಡು ಅಲ್ಲಿಂದ ರೈಡಲ್ ಕಡೆಗೆ ನಡೆದರೆ ಆ ದಾರಿ ಬೇರೆಯೇ ಆಗಿ ಕಾಣುತ್ತದೆ. ಚರ್ಚಿನ ಬಾಗಿಲಲ್ಲೇ, ಹಿಂದೆ ಶಾಲೆಯಾಗಿದ್ದ ಪುಟ್ಟ ಕಟ್ಟಡದಲ್ಲಿ, ಸಾರಾ ನೆಲ್ಸನ್ 1854ರಲ್ಲಿ ಆರಂಭಿಸಿದ ಶುಂಠಿ ಬ್ರೆಡ್ಡಿನ ಅಂಗಡಿ ಇಂದಿಗೂ ನಡೆಯುತ್ತಿದೆ. ಬುತ್ತಿಗೆ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ.

ಊರಂಚಿನಲ್ಲಿರುವ ಡವ್ ಕಾಟೇಜಿನಲ್ಲಿ ವರ್ಡ್ಸ್‌ವರ್ತ್ 1799ರಿಂದ 1808ರವರೆಗೆ ಇದ್ದರು. ಹಿಂದೆ ಪಾನಗೃಹವಾಗಿದ್ದ ಆ ಮನೆಯ ಕೆಳಗಿನ ಕೋಣೆಗಳು ಕತ್ತಲೆಯಾಗಿವೆ, ನೆಲಕ್ಕೆ ಸ್ಲೇಟು ಹಾಸಿದೆ. ಮಹಡಿಯ ಒಂದು ಚಿಕ್ಕ ಕೋಣೆಯ ಗೋಡೆಗಳಿಗೆ, ಡೊರೊತಿ ಅಂದು ಚಳಿ ತಡೆಯಲೆಂದು ಮಾಡಿದ್ದಂತೆ, ಹಳೆಯ ಪತ್ರಿಕೆಗಳನ್ನು ಅಂಟಿಸಿದ್ದಾರೆ. ಅದರ ಮುಂದೆ ನಿಂತು ನನ್ನ ತಾಯಿ, ತಮ್ಮ ಅಜ್ಜಿಮನೆಯ ಅಟ್ಟದ ಗೋಡೆಯೂ ಹೀಗೆಯೇ ಇತ್ತೆಂದು ಬಹಳ ಹೊತ್ತು ಹೇಳುತ್ತಿದ್ದರು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಡ್ಯಾಫೊಡಿಲ್ ಪದ್ಯವನ್ನು ಕವಿ ಈ ಮನೆಯಲ್ಲಿದ್ದಾಗಲೇ ಬರೆದರೂ, ಆ ಹೂಗಳನ್ನು ಅಣ್ಣ-ತಂಗಿ ಕಂಡದ್ದು 1802ರ ಏಪ್ರಿಲ್‌ನಲ್ಲಿ, ಬೆಟ್ಟದಾಚೆಯ ಅಲ್ಸ್‌ವಾಟರ್ ಸರೋವರದ ದಡದಲ್ಲಿ. ಗ್ರಾಸ್ಮಿಯರ್ ದಡದಲ್ಲಿ ಅವುಗಳನ್ನು ಹುಡುಕಿ ನಿರಾಶರಾಗಬೇಡಿ.

ಅಲ್ಲಿಂದ ರೈಡಲ್‌ಗೆ ಹೋಗುವ ದಾರಿಗೆ ಶವಪೆಟ್ಟಿಗೆ ದಾರಿ ಎಂಬ ಹೆಸರಿದೆ. ಸುತ್ತಲಿನ ಊರುಗಳ ಶವಗಳನ್ನು ಸೇಂಟ್ ಓಸ್ವಾಲ್ಡ್ ಚರ್ಚಿಗೇ ಹೊತ್ತು ತರಬೇಕಾಗಿದ್ದ ಕಾಲದಲ್ಲಿ, ಹೊತ್ತವರು ಹೆಗಲು ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಚಪ್ಪಟೆ ಕಲ್ಲು ಇನ್ನೂ ದಾರಿಬದಿಯಲ್ಲಿದೆ. ನಮ್ಮ ಕಡೆಯ ಹೊರೆಗಲ್ಲುಗಳನ್ನು ಕಂಡವರಿಗೆ ಅದು ಏನೆಂದು ಯಾರೂ ವಿವರಿಸಬೇಕಾಗಿಲ್ಲ. ದಾರಿ ಮುಗಿಯುವಲ್ಲಿ ಕವಿ ಕೊನೆಯುಸಿರೆಳೆದ ರೈಡಲ್ ಮೌಂಟ್ ಎಂಬ ಮನೆ ಇದೆ; ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕೆಳಗಿನ ಇಳಿಜಾರಿನಲ್ಲಿ, ಅಗಲಿದ ಮಗಳು ಡೋರಾಳ ಹೆಸರು ಹೊತ್ತ ಹೊಲವಿದ್ದು, ವಸಂತದಲ್ಲಿ ಅಲ್ಲಿ ಡ್ಯಾಫೊಡಿಲ್‌ಗಳು ಅರಳುತ್ತವೆ.

ತಾಯಿಯವರು ಇಲ್ಲಿಗೆ ದಣಿದರೆ 555ನೇ ನಂಬರಿನ ಬಸ್ಸಿನಲ್ಲಿ ಗ್ರಾಸ್ಮಿಯರ್‌ಗೆ ಮರಳಬಹುದು. ಶಕ್ತಿಯಿದ್ದರೆ ರೊಥೇ ನದಿಯನ್ನು ದಾಟಿ ರೈಡಲ್ ಸರೋವರದ ದಕ್ಷಿಣ ದಡ ಹಿಡಿಯಿರಿ. ಸ್ವಲ್ಪ ಮೇಲೆ ರೈಡಲ್ ಗುಹೆ ಸಿಗುತ್ತದೆ. ಹೆಸರಿಗೆ ಗುಹೆಯಾದರೂ ಅದು ಸ್ಲೇಟು ತೆಗೆದ ಹಳೆಯ ಗಣಿ. ಬಾಯಲ್ಲಿ ನಿಂತಿರುವ ತಿಳಿನೀರಿನಲ್ಲಿ ಸಣ್ಣ ಮೀನುಗಳು ಓಡಾಡುತ್ತಿರುತ್ತವೆ, ನಡುವೆ ಇಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಡುತ್ತಾ ಒಳಗೆ ಹೋಗಬೇಕು. ಮುಂದೆ ಬೆಟ್ಟದ ಓರೆಯಲ್ಲಿ ಸಾಗುವ ಲಫ್‌ರಿಗ್ ಟೆರೇಸ್ ಎಂಬ ಕಾಲುದಾರಿ ತಲುಪಿದಾಗ ನಡುಗಡ್ಡೆಯೊಂದನ್ನು ಒಡಲಲ್ಲಿಟ್ಟುಕೊಂಡ ಗ್ರಾಸ್ಮಿಯರ್ ಸರೋವರ, ಅದರಾಚೆ ಬೆಟ್ಟದ ಮಡಿಲಲ್ಲಿ ಊರು, ಎಲ್ಲವೂ ಒಟ್ಟಿಗೆ ಕಣ್ಣೆದುರು ತೆರೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದಕ್ಕೆ ಸಮನಾದ ನೋಟ ಇನ್ನೊಂದಿರಲಿಲ್ಲ.

ಎರಡನೆಯ ದಿನ ಅದೇ 555ನೇ ಬಸ್ಸಿನಲ್ಲಿ ಕೆಸ್ವಿಕ್ ಪಟ್ಟಣಕ್ಕೆ ಹೋಗಿ ಡರ್ವೆಂಟ್‌ವಾಟರ್ ಸರೋವರದಲ್ಲಿ ದೋಣಿ ಸುತ್ತು ಮುಗಿಸಿಕೊಂಡು ಬನ್ನಿ. ತಾಯಿಯವರ ಕಾಲಿಗೆ ವಿಶ್ರಾಂತಿಯೂ ಸಿಗುತ್ತದೆ. ಬೇಸಿಗೆಯಾದರೂ ಮಳೆಯಂಗಿಯನ್ನು ಮತ್ತು ಹಿಡಿತವಿರುವ ಬೂಟುಗಳನ್ನು ಬಿಡಬೇಡಿ, ಏಕೆಂದರೆ ನೆನೆದ ಸ್ಲೇಟು ವಿಪರೀತ ಜಾರುತ್ತದೆ.